ಗಿಡ್ಡ ಉಳಿ

ಎಸ್ಕಿಲ್‌ಸ್ಟುನಾದ ಹೊರವಲಯ, ಹಳೆಯ ಕುದುರೆಲಾಯದ ಅಂಗಳ,
ಭಾನುವಾರದ ಹಳೆಸಾಮಾನು ಸಂತೆ.
ಮೇ ತಿಂಗಳು; ಆದರೂ ಕೈಗವಸು ಬಿಚ್ಚುವ ಹಾಗಿಲ್ಲ.
ಬಿಸ್ಕತ್ತಿನ ಡಬ್ಬಿಯೊಂದರಲ್ಲಿ ಹನ್ನೊಂದು ಉಳಿಗಳು,
ಮಾತುಬಿಟ್ಟ ನೆಂಟರ ಹಾಗೆ
ಒಂದಕ್ಕೊಂದು ತಾಗಿಯೂ ತಾಗದೆ.

ನಾನು ಬಡಗಿಯಲ್ಲ. ಶಾಲೆಯ ಅಡುಗೆಮನೆಯಲ್ಲಿ
ಇಪ್ಪತ್ತಾರು ವರ್ಷ ಆಲೂಗಡ್ಡೆ ಬೇಯಿಸಿದವನು.
ಗ್ಯಾರೇಜಿನಲ್ಲಿ ಕಾರು ನಿಲ್ಲಬೇಕಾದ ಕಡೆ ಒಂದು ಮೇಜು, ಒಂದು ಕೊಡತಿ,
ಅಷ್ಟೇ ನನ್ನ ಕಾರ್ಖಾನೆ.
ಹೋದ ವರ್ಷ ಅಂಗಡಿಯಿಂದ ಹೊಸ ಸೆಟ್ಟು ತಂದಿದ್ದೆ:
ಹಳದಿ ಪ್ಲಾಸ್ಟಿಕ್ ಹಿಡಿ, ಮದುವಣಗಿತ್ತಿಯ ಮಿಂಚು.
ಪೈನ್ ಮರದ ಒಂದೇ ಗಂಟಿಗೆ ಮೂತಿ ಮುರಿದುಕೊಂಡವು.
ಕೆತ್ತಲಾರದವನು ಉಳಿ ಡೊಂಕು ಅಂದನಂತೆ.
ಅಂದೆ, ನಿಜ.
ಆದರೆ ಉಳಿಯೂ ಡೊಂಕೇ ಇತ್ತು.

ಹಾಗಾಗಿ ಈ ಸಲ ಅವಸರವಿಲ್ಲ.
ಒಂದೊಂದನ್ನೇ ಎತ್ತಿ ಮೊದಲು ನೋಡುವುದು ಬೆನ್ನು.
ಮುಖವನ್ನು ಯಾರು ಬೇಕಾದರೂ ತಿದ್ದಿಕೊಂಡಾರು;
ಬೆನ್ನು ಸಪಾಟಿಲ್ಲದ ಉಳಿ ಜನ್ಮದಲ್ಲಿ ನೇರ ನಡೆಯದು.
ಆಮೇಲೆ ಹಿಡಿ: ಬರ್ಚಿನ ನಾರು ಉದ್ದಕ್ಕೂ ಓಡಿದೆಯೇ.
ಆಮೇಲೆ ತುಕ್ಕು: ಚರ್ಮಕ್ಕೆ ಮಾತ್ರವೋ, ಎಲುಬಿಗೂ ಇಳಿದಿದೆಯೋ.
ಹದ ಮಾತ್ರ ಕಣ್ಣಿಗೆ ಕಾಣದು,
ಪಾಕದ್ದಾಗಲಿ, ಉಕ್ಕಿನದಾಗಲಿ.

ಹತ್ತು ನೋಡಿ ನಾಲ್ಕು ತೆಗೆದಿಟ್ಟೆ.
ಹನ್ನೊಂದನೆಯದು ತಳದಲ್ಲಿತ್ತು. ಹೆಬ್ಬೆರಳುದ್ದದ ಅಲಗು,
ಹಿಡಿಯಲ್ಲಿ ಕಾಯಿಸಿ ಒತ್ತಿದ ಎರಡಕ್ಷರ,
ಸುತ್ತ ಯಾರದೋ ಅಂಗೈಯ ಕಪ್ಪು.
"ಅದು ಬೇಡ," ಅಂದಳು ಮಾರುವ ಟೂರ್‌ಬೋರ್ಗ್,
ಫ್ಲಾಸ್ಕಿನ ಬಿರಡೆ ತಿರುಗಿಸುತ್ತ.
"ಅದು ಮುಗಿದಿದೆ. ನಮ್ಮ ಚಿಕ್ಕಪ್ಪ
ಯಾವಾಗ ನೋಡಿದರೂ ಅದನ್ನೇ ಹುಡುಕುತ್ತಿದ್ದ."

ಕೈ ನಿಂತಿತು.
ಉಳಿದ ಹತ್ತು ಯಾಕೆ ಇನ್ನೂ ಇಷ್ಟುದ್ದ?
ಯಾರೂ ಅವನ್ನು ಹುಡುಕಲಿಲ್ಲ, ಅದಕ್ಕೆ.
ಇದೊಂದು ಸಾಣೆಗೆ ಹೋಗಿ ಬಂದು, ಹೋಗಿ ಬಂದು,
ಸಲಕ್ಕೊಂದು ಕೂದಲೆಳೆಯಷ್ಟು ಮೈ ಕೊಟ್ಟು
ಇಷ್ಟಾಗಿದೆ.
ಗ್ಯಾರಂಟಿ ಚೀಟಿಗಳನ್ನು ಬೇಕಾದಷ್ಟು ಓದಿದ್ದೇನೆ,
ಇಷ್ಟು ಸ್ಪಷ್ಟವಾಗಿ ಬರೆದದ್ದು ಕಂಡಿರಲಿಲ್ಲ.
ನಾಲ್ಕನ್ನೂ ಡಬ್ಬಿಗೆ ಮರಳಿಸಿದೆ.
ಗಿಡ್ಡನಿಗೆ ಇಪ್ಪತ್ತು ಕ್ರೋನ ಕೊಟ್ಟರೆ, ನಕ್ಕು,
ಹತ್ತು ವಾಪಸು ಕೊಟ್ಟಳು.

ಮೂರು ಸಂಜೆ ಹಿಡಿಯಿತು. ನೀರಲ್ಲಿ ನೆನೆದ ಕಲ್ಲು,
ಒರಟು, ನಯ, ಇನ್ನೂ ನಯ, ಕೊನೆಗೆ ಚರ್ಮದ ಪಟ್ಟಿ.
ಅಂಚಿನಾಚೆ ಮಡಚಿಕೊಂಡ ಕಾಣದ ದಾರವೊಂದು
ಬೆರಳಿಗೆ ಸಿಕ್ಕಿ, ಮತ್ತೆ ಸಿಗದೆ ಹೋಗುವವರೆಗೆ.
ಒರೆಸಿ, ಎಣ್ಣೆ ಸವರಿ, ಗೋಡೆಯಲ್ಲಿ ಅದರದೇ ಗೂಡು.
ಓಕ್ ಮರದ ಅಡ್ಡನಾರಿನಲ್ಲಿ ಅದು ಇಳಿಯುವಾಗ
ಸದ್ದಿರಲಿಲ್ಲ; ಸುರುಳಿ ಮಾತ್ರ ಏಳುತ್ತಿತ್ತು.

ಆಗಸ್ಟಿನಲ್ಲಿ ಪಕ್ಕದ ಮನೆಯ ಇಲ್ಮಾರಿ
ಬಣ್ಣದ ಡಬ್ಬಿ ತೆರೆಯಲು ಅದನ್ನೇ ಎತ್ತಿಕೊಂಡು ಹೋದ.
ತಂದುಕೊಟ್ಟ, ತುಟಿಗೆ ಇಟ್ಟಿಗೆಗೆಂಪು,
ಅಂಚಿನಲ್ಲಿ ಸಾಸಿವೆಯಷ್ಟು ಚಕ್ಕೆ ಹಾರಿತ್ತು.
"ಥ್ಯಾಂಕ್ಸ್," ಅಂದ. "ಗಟ್ಟಿ ಮುಟ್ಟು ಇದೆ."

ಬಾಯಿಗೆ ಬಂದದ್ದನ್ನು ಬಾಯಲ್ಲೇ ಇಟ್ಟುಕೊಂಡೆ.
ಸಾಸಿವೆಯಷ್ಟು ಮಾಯಿಸಲು ಸಾಸಿವೆಯಷ್ಟೂ ಅಲಗು ಸವೆಯಬೇಕು,
ಆ ಚಿಕ್ಕಪ್ಪನ ಲೆಕ್ಕದಲ್ಲಿ ಎರಡು ಚಳಿಗಾಲ.
ಸ್ಟೂಲು ಎಳೆದೆ. "ಕೂತ್ಕೊ," ಅಂದೆ. ಕಲ್ಲು ತೋರಿಸಿದೆ.
ಕೂತ. ತಪ್ಪಾಗಿ ಉಜ್ಜಿದ. ಮತ್ತೆ ಉಜ್ಜಿದ.
ಹತ್ತು ಗಂಟೆಗೆ ಬೆಳಕು ಹೋಗುವ ಹೊತ್ತಿಗೆ
ಬೆರಳೆಲ್ಲ ಕಪ್ಪು; ಮುಂಗೈಯ ರೋಮ ಬೋಳಿಸಿ ನೋಡಿ
ಮಗುವಿನ ಹಾಗೆ ಕಿರುಚಿದ.
ಈಗ ಗುರುವಾರ ಗುರುವಾರ ಬರುತ್ತಾನೆ,
ತನ್ನ ಹೆಂಡತಿಯ ಚಾಕುಗಳನ್ನೆಲ್ಲ ಟವಲಿನಲ್ಲಿ ಸುತ್ತಿಕೊಂಡು.

ಮೊನ್ನೆ ರಕ್ತ ಕೊಡಲು ಹೋದಾಗ ನರ್ಸಮ್ಮ
ನನ್ನ ಎಡಗೈ ತಿರುಗಿಸಿ ತಿರುಗಿಸಿ ನೋಡಿದಳು:
ಇಲ್ಲಿ ಮಾತ್ರ ಕೂದಲಿಲ್ಲ, ಎಷ್ಟು ದಿನದಿಂದ?
"ಮೇ ತಿಂಗಳಿಂದ," ಅಂದೆ. "ಅಂಟುರೋಗ.
ಪಕ್ಕದ ಮನೆಯವನಿಗೂ ಬಂದಿದೆ."
ಅವಳು ಕಂಪ್ಯೂಟರಿನಲ್ಲಿ ಏನೋ ಬರೆದುಕೊಂಡಳು.